ಹಳದಿ ಟ್ಯೂಬಿಗೆ ಸುರಿದ ರಕ್ತ

ಮಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿ ನನಗಾಗ ಮೂರು ತಿಂಗಳು. ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವರೊಬ್ಬರು ಹೊಟ್ಟೆನೋವೆಂದು ಬಂದಿದ್ದರು. ನೋವು ಬೆನ್ನಿಗೂ ಹೊಡೆಯುತ್ತಿತ್ತು. ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದೆಂದು ಡಾಕ್ಟರು ಅಮೈಲೇಸ್ ಪರೀಕ್ಷೆ ಬರೆದಿದ್ದರು; ಅಮೈಲೇಸ್ ಎಂದರೆ ಪಿಷ್ಟ ಕತ್ತರಿಸುವ ಕಿಣ್ವ. ನೇರಳೆ ಟ್ಯೂಬು ತುಂಬಿ, ಅಮೈಲೇಸ್ ನೋಡುವ ಹಳದಿ ಟ್ಯೂಬಿಗೆ ನಾಲ್ಕು ಹನಿ ಬೀಳುವಷ್ಟರಲ್ಲಿ ರಕ್ತ ಬರುವುದು ನಿಂತಿತು. ಇನ್ನೊಮ್ಮೆ ಚುಚ್ಚಲು ಮನಸ್ಸು ಬರಲಿಲ್ಲ. ನೇರಳೆಯಿಂದಲೇ ಸ್ವಲ್ಪ ಹಳದಿಗೆ ಸುರಿದೆ.

ಅಮೈಲೇಸ್ 278 ಬಂತು. ನಮ್ಮಲ್ಲಿ ಮೇಲಿನ ಮಿತಿ 100. ಅದರ ಮೂರು ಪಟ್ಟು ದಾಟಿದರೆ ಉರಿಯೂತಕ್ಕೆ ಬಲವಾದ ಸಾಕ್ಷಿ. 278 ದಾಟುವುದಿಲ್ಲ.

ರಿಪೋರ್ಟಿಗೆ ಸಹಿ ಹಾಕಬೇಕಿದ್ದ ಸೀನಿಯರ್ ಅಕ್ಕನ ಕಣ್ಣು ಪೊಟ್ಯಾಸಿಯಂ ಮೇಲೆ ನಿಂತಿತು: 13. "ಇಷ್ಟಿದ್ರೆ ಜನ ಬದುಕ್ಲಿಕ್ಕುಂಟಾ ಮಾರಾಯ್ತಿ? ಕ್ಯಾಲ್ಸಿಯಂ ನೋಡು, 3. ಎಂತ ಸುರಿದದ್ದು ನೀನು?"

ನೇರಳೆ ಟ್ಯೂಬಿನಲ್ಲಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ. ರಕ್ತ ಹೆಪ್ಪುಗಟ್ಟದಿರಲೆಂದು ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ನನಗೂ ಗೊತ್ತಿತ್ತು. ಅಮೈಲೇಸಿಗೂ ಕ್ಯಾಲ್ಸಿಯಂ ಬೇಕೆನ್ನುವುದು ಮರೆತಿತ್ತು.

ಈ ಕಿಣ್ವ 496 ಅಮೈನೋ ಆಮ್ಲಗಳ ಒಂದೇ ಸರಪಳಿ, ಮಡಿಚಿಕೊಂಡು ಮೂರು ಭಾಗವಾಗಿದೆ. ನಡುವಿನ ಸೀಳಿನಲ್ಲಿ ಪಿಷ್ಟದ ಎಳೆ ಕೂರುತ್ತದೆ. ಅಲ್ಲಿರುವ ಎರಡು ಆಸ್ಪಾರ್ಟೇಟ್, ಒಂದು ಗ್ಲುಟಮೇಟ್ ಎಂಬ ಅಮೈನೋ ಆಮ್ಲಗಳು ಸೇರಿ ಅದನ್ನು ತುಂಡರಿಸುತ್ತವೆ. ಕ್ಯಾಲ್ಸಿಯಂ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಎರಡು ಭಾಗಗಳನ್ನು ಬಿಗಿಯಾಗಿ ಹಿಡಿದಿರುತ್ತದೆ, ಅಷ್ಟೆ. ಅಕ್ಕ ಹೇಳಿದ್ದು ಮನೆಯ ಮೆಟ್ಟುಕತ್ತಿಯ ಮಾತು: ಅಲಗು ಎಷ್ಟು ಹರಿತವಿದ್ದರೂ ಮಣೆಯಲ್ಲಿ ಅದರ ಬೆಣೆ ಸಡಿಲಾದರೆ ತರಕಾರಿ ನೆಟ್ಟಗೆ ಹೆಚ್ಚಲಾಗುವುದಿಲ್ಲ. ನಾವು ಅಳೆಯುವುದು ಕಿಣ್ವ ಎಷ್ಟಿದೆ ಎಂದಲ್ಲ, ಎಷ್ಟು ಚುರುಕಾಗಿ ಕತ್ತರಿಸುತ್ತದೆ ಎಂದು. ಹಾಗಾಗಿ ಕಿಣ್ವ ಅಷ್ಟೇ ಇದ್ದರೂ ಅಂಕಿ ಇಳಿಯುತ್ತದೆ.

ಇದರ ಒಡಹುಟ್ಟು ನಮ್ಮ ಎಂಜಲಿನಲ್ಲೂ ಇದೆ. ಕುಚ್ಚಲಕ್ಕಿ ಗಂಜಿಯ ಅನ್ನ ಅಗಿಯುತ್ತಾ ಹೋದರೆ ಸಿಹಿಯಾಗುವುದು ಅದರಿಂದಲೇ. ತೆರೆದ ಸ್ಯಾಂಪಲ್ ಎದುರು ಮಾತಾಡಬೇಡಿ ಎಂದು ಅಕ್ಕ ಗದರುತ್ತಿದ್ದುದೂ ಅದಕ್ಕೇ: ಎಂಜಲು ಹಾರಿದರೆ ಅಂಕಿ ಸುಳ್ಳೇ ಏರುತ್ತದೆ.

ವಾರ್ಡಿಗೆ ಓಡಿ, ನಡೆದದ್ದನ್ನು ಅವರಿಗೆ ಹೇಳಿದೆ. ಹೊಟ್ಟೆ ಒತ್ತಿಕೊಂಡೇ ಇನ್ನೊಂದು ಕೈ ಚಾಚಿದರು. ಈ ಸಲ ಹಳದಿ ಮೊದಲು, ನೇರಳೆ ಆಮೇಲೆ. ಪೊಟ್ಯಾಸಿಯಂ 4.1, ಅಮೈಲೇಸ್ 325. ಡಾಕ್ಟರಿಗೆ ಫೋನು ಮಾಡಿದ್ದು ನಾನೇ. ಮೊದಲಿನ ಅಂಕಿ ಏಕೆ ತಪ್ಪಿತ್ತೆಂದೂ ಹೇಳಿದೆ.