ಮೇಷ್ಟ್ರ ದಾರ, ಚೀನಾದ ದಾರಿ

ನಮ್ಮ ಸಮಾಜ ಪಾಠದ ಮೇಷ್ಟ್ರು ತೀರಿಕೊಂಡ ಸುದ್ದಿ ಗೆಳೆಯರ ವಾಟ್ಸಾಪ್ ಗುಂಪಿಗೆ ಬಂದ ದಿನ, ಎಲ್ಲರೂ ನೆನೆದದ್ದು ಅವರ ಜೇಬಿನ ಬಿಳಿ ದಾರವನ್ನು. ಹ್ಯೂಯೆನ್‌ತ್ಸಾಂಗನ ಪಾಠ ಬಂತೆಂದರೆ ಗೋಡೆಗೆ ಏಷ್ಯಾದ ನಕ್ಷೆ ಏರುತ್ತಿತ್ತು. ದಾರವನ್ನು ನೀರಲ್ಲಿ ಅದ್ದಿ, ಅವನು ನಡೆದ ದಾರಿಯ ಗುಂಟ ಅಂಟಿಸಿ, ಆಮೇಲೆ ಬಿಡಿಸಿ ನೆಟ್ಟಗೆ ಎಳೆದು ಮೈಲಿ ಲೆಕ್ಕ ಹಾಕುತ್ತಿದ್ದರು. ಒಂದು ದಿನ ಯಾರೋ ಅದರ ತುದಿಯನ್ನು ನಾಲ್ಕು ಬೆರಳಷ್ಟು ಕತ್ತರಿಸಿಬಿಟ್ಟಿದ್ದರು. ಮೇಷ್ಟ್ರು ಅಳೆದು ನೋಡಿ, "ಪಾಪ, ಸನ್ಯಾಸಿನ ಮರುಭೂಮೀಲೇ ಇಳಿಸಿಬಿಟ್ರಲ್ರೋ!" ಎಂದರು. ಏಟು ಬೀಳಲಿಲ್ಲ. ಇಡೀ ತರಗತಿ ನಕ್ಷೆಯನ್ನು ಹತ್ತು ಸಲ ಬಿಡಿಸಬೇಕಾಯಿತು.

ಆ ವರ್ಷದ ಪಠ್ಯದಲ್ಲಿ ಇನ್ನೇನಿತ್ತೋ ಒಂದೂ ನೆನಪಿಲ್ಲ. "ಊರು ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ದೆ, ಅಲ್ಲಿ ಏನಾಯ್ತು ಅಂತ ಓದ್ಬೇಡಿ" ಎಂಬ ಅವರ ಮಾತು ಮಾತ್ರ ಉಳಿದಿದೆ. ನಮ್ಮ ಶಾಲೆಯ ಹುಡುಗ ಹುಡುಗಿಯರು ಈಗಲೂ ವೈದ್ಯಕೀಯ ಓದಲು ಚೀನಾಕ್ಕೆ ಹೊರಡುತ್ತಾರೆ. ರಜೆ ಸಿಕ್ಕಾಗಲೆಲ್ಲ ಆ ದೇಶ ತಿರುಗಿದವನಾದ್ದರಿಂದ ನನಗೆ ಹೇಳುವ ಹಕ್ಕು ಸ್ವಲ್ಪ ಜಾಸ್ತಿಯೇ ಇದೆ ಎಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ದಿಕ್ಕು. ಬೇಯ್ ಎಂದರೆ ಉತ್ತರ, ನಾನ್ ದಕ್ಷಿಣ, ದೊಂಗ್ ಪೂರ್ವ, ಶಿ ಪಶ್ಚಿಮ. ಬೇಯ್‌ಜಿಂಗ್ ಉತ್ತರದ ರಾಜಧಾನಿ, ನಾನ್‌ಜಿಂಗ್ ದಕ್ಷಿಣದ್ದು. ಈ ನಾಲ್ಕು ಅಕ್ಷರಗಳ ಆಕಾರ ಬಾಯಿಪಾಠವಾಗದೆ ರೈಲು ಹತ್ತಬೇಡಿ. ಶಿಯಾನ್ ನಿಲ್ದಾಣವೇ ಬೇರೆ, ಶಿಯಾನ್ ಬೇಯ್ ನಿಲ್ದಾಣವೇ ಬೇರೆ. ಒಂದು ಹಳೇ ಕೋಟೆಯ ಪಕ್ಕದಲ್ಲಿದ್ದರೆ ಇನ್ನೊಂದು ಊರಾಚೆ ಉತ್ತರಕ್ಕಿದೆ. ವೇಗದ ರೈಲುಗಳು ಹೆಚ್ಚಾಗಿ ಎರಡನೆಯದರಿಂದ ಹೊರಡುತ್ತವೆ. ಟಿಕೆಟ್ ಕೈಯಲ್ಲಿದ್ದೂ ರೈಲು ತಪ್ಪುವುದು ಬಹುಪಾಲು ಇಲ್ಲೇ. ಗೂಗಲ್ ನಕ್ಷೆ ನಂಬಿದರೂ ಕೆಟ್ಟಿರಿ. ಮೊದಲಿಗೆ ಅದು ಅಲ್ಲಿ ನೇರವಾಗಿ ತೆರೆಯುವುದೇ ಇಲ್ಲ. ತೆರೆದರೂ, ಚೀನಾದ ನಕ್ಷೆಗಳ ಅಕ್ಷಾಂಶ ರೇಖಾಂಶಗಳನ್ನು ಕಾನೂನಿನಂತೆ ತುಸು ಸರಿಸಿರುವುದರಿಂದ ನೀಲಿ ಚುಕ್ಕೆ ನೀವಿರುವಲ್ಲಿಂದ ಕೆಲವು ನೂರು ಮೀಟರ್ ಆಚೆ ಕೂರಬಹುದು. ಅಲ್ಲಿಯದೇ ಆದ "ಗಾವ್‌ದ" ಎಂಬ ನಕ್ಷೆಯ ಆ್ಯಪ್ ಹಾಕಿಕೊಳ್ಳಿ. ಈಗಿನ ಮಕ್ಕಳಿಗೆ ನಕ್ಷೆ ಎಂದರೆ ಆ ಚುಕ್ಕೆಯೊಂದೇ. ಗೋಡೆಯ ನಕ್ಷೆಗಳೆಲ್ಲ ಸುರುಳಿ ಸುತ್ತಿ ಬೀರುವಿನ ಮೇಲೆ ಧೂಳು ತಿನ್ನುತ್ತಿವೆಯಂತೆ.

ರೈಲು ಟಿಕೆಟ್ಟಿಗೆ 12306 ಆ್ಯಪ್ ಇದೆ. ಮಾರಾಟ ಶುರುವಾಗುವುದು ಸಾಮಾನ್ಯವಾಗಿ 15 ದಿನ ಮುಂಚೆ. ನಮ್ಮವರು ಎಡವುವುದು ಹೆಸರಿನಲ್ಲಿ. ಇನಿಷಿಯಲ್ ಬಿಡಿಸಿ ಬರೆದದ್ದು, ಅಪ್ಪನ ಹೆಸರು, ಊರಿನ ಹೆಸರು, ಸರ್‌ನೇಮ್ ಖಾಲಿ ಬಿಟ್ಟದ್ದು, ಹೀಗೆ ನಮ್ಮ ಪಾಸ್‌ಪೋರ್ಟುಗಳು ನೂರು ತರ. ಪಾಸ್‌ಪೋರ್ಟಿನಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೇ ತುಂಬಬೇಕು, ಒಂದಕ್ಷರವೂ ಆಚೀಚೆ ಆಗಬಾರದು. ಟಿಕೆಟ್ ಕಾಗದದಲ್ಲಿ ಬರುವುದಿಲ್ಲ, ಪಾಸ್‌ಪೋರ್ಟೇ ಟಿಕೆಟ್. ಸ್ವಯಂಚಾಲಿತ ಗೇಟು ಅದನ್ನು ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ಸಾಲಿಗೆ ಹೋಗಿ. ರೈಲು ಬಿಡುವ ಕೆಲವು ನಿಮಿಷ ಮುಂಚೆಯೇ ಗೇಟು ಮುಚ್ಚುತ್ತದೆ, ಹೊರಗೆ ತಪಾಸಣೆಯ ಸಾಲೂ ಇರುತ್ತದೆ. ಒಂದು ಗಂಟೆ ಮೊದಲೇ ಹೋಗಿ ಕೂತರೆ ನಷ್ಟವಿಲ್ಲ. ಅಕ್ಟೋಬರ್ 1ರಿಂದ ಒಂದು ವಾರ ಮಾತ್ರ ಎಲ್ಲಿಗೂ ಹೋಗಬೇಡಿ. ಇಡೀ ದೇಶವೇ ರಸ್ತೆಯಲ್ಲಿರುತ್ತದೆ.

ಚೀನಾದ ಮೊದಲ ಚಕ್ರವರ್ತಿಯ ಸಮಾಧಿಗೆಂದು ಹೂತಿಟ್ಟ ಶಿಯಾನ್‌ನ ಮಣ್ಣಿನ ಸೈನಿಕರು 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕವರು. ಮೆಟ್ರೊ 9ನೇ ಮಾರ್ಗದಲ್ಲಿ ಹ್ವಾಚಿಂಗ್ ಛ್ರ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿಯಿರಿ. ರೈಲು ನಿಲ್ದಾಣದ ಎದುರು ಕೂಗಿ ಕರೆಯುವ ವ್ಯಾನು ಹತ್ತಿದರೆ ನಕಲಿ ಬೊಂಬೆಗಳ ಮುಂದೆ ಇಳಿಯುವ ಅಪಾಯವಿದೆ. ಒಂದನೇ ಗುಂಡಿ ಸುಮಾರು 230 ಮೀಟರ್ ಉದ್ದ, 62 ಮೀಟರ್ ಅಗಲ. ಎಲ್ಲರೂ ಅಲ್ಲೇ ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ಎರಡನೇ ಗುಂಡಿಯಲ್ಲಿ ಸಿಕ್ಕಿದ, ಗಾಜಿನ ಪೆಟ್ಟಿಗೆಯಲ್ಲಿಟ್ಟಿರುವ ಮಂಡಿಯೂರಿದ ಬಿಲ್ಲುಗಾರನನ್ನು ಹುಡುಕಿ, ಅವನ ಹಿಂದೆ ಹೋಗಿ ಬಗ್ಗಿ. ಮೇಲೆದ್ದ ಹಿಮ್ಮಡಿಯ ಕೆಳಗೆ ಜೋಡಿನ ಅಟ್ಟೆ ಕಾಣುತ್ತದೆ. ಅದರ ತುಂಬ ಹೊಲಿಗೆಯ ಚುಕ್ಕೆಗಳು. ಬೆರಳ ಕಡೆ ಮತ್ತು ಹಿಮ್ಮಡಿಯಲ್ಲಿ ಒತ್ತಾಗಿ, ನಡುವೆ ವಿರಳವಾಗಿ. ಅಟ್ಟೆ ಸವೆಯುವುದು ಎಲ್ಲಿ ಎಂಬುದನ್ನು ಬಲ್ಲವನ ಕೈ ಅದು. ಸಮಾಧಿಯೊಳಗೆ ಹೂತುಹಾಕುವ ಬೊಂಬೆಯ ಅಂಗಾಲನ್ನು ಯಾರು ನೋಡುತ್ತಾರೆಂದು ಮಾಡಿದನೋ! ಇವರಿಗೆಲ್ಲ ಮೈತುಂಬ ಬಣ್ಣವೂ ಇತ್ತು. ಅಡಿಯ ಅರಗಿನ ಪದರ ಒಣ ಗಾಳಿಗೆ ಕೆಲವೇ ನಿಮಿಷಗಳಲ್ಲಿ ಸುರುಟಿ ಬಣ್ಣವನ್ನೂ ಎಬ್ಬಿಸಿಕೊಂಡು ಬರುತ್ತದೆ. ಅಗೆಯುವ ಕೆಲಸ ಇಷ್ಟು ನಿಧಾನವಾಗಲು ಅದೂ ಒಂದು ಕಾರಣ.

ಹ್ಯೂಯೆನ್‌ತ್ಸಾಂಗ್ ಎಂದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ, ಶ್ವೆನ್‌ಜಾಂಗ್ ಎನ್ನಬೇಕು. 645ರಲ್ಲಿ 657 ಗ್ರಂಥ ಹೊತ್ತು ತಂದವನು ಅವುಗಳನ್ನಿಡಲೆಂದು 652ರಲ್ಲಿ ಎಬ್ಬಿಸಿದ ದಾಯೆನ್ ಗೋಪುರ ಇಂದಿಗೂ ಇದೆ. ಈಗ 7 ಅಂತಸ್ತು, 64 ಮೀಟರ್ ಎತ್ತರ. ಗೋಪುರ ಹತ್ತಲು ಬೇರೆಯೇ ಟಿಕೆಟ್ ಬೇಕು. ನಮ್ಮ ಪುಲಕೇಶಿಯ ಪಡೆ ಆನೆಗಳಿಗೆ ಮದ್ಯ ಕುಡಿಸಿ ಯುದ್ಧಕ್ಕೆ ನುಗ್ಗಿಸುತ್ತಿತ್ತೆಂದು ಬರೆದಿಟ್ಟ ಪುಣ್ಯಾತ್ಮ ಇವನೇ. ಈ ವಾಕ್ಯ ಬಂದಾಗಲೆಲ್ಲ ಮೇಷ್ಟ್ರು ಸೊಂಡಿಲಿನಂತೆ ಕೈ ಬೀಸಿ ತೂರಾಡಿ ತೋರಿಸುತ್ತಿದ್ದರು.

ಬಾದಾಮಿ ನೋಡಿದವರು ಲುವೊಯಾಂಗ್ ಬಿಡಬಾರದು. ಶಿಯಾನ್‌ನಿಂದ ವೇಗದ ರೈಲಿಗೆ ಎರಡು ಗಂಟೆಯೊಳಗಿನ ದಾರಿ. ಲೊಂಗ್‌ಮೆನ್ ಗುಹೆಗಳು ಯಿ ನದಿಯ ಎರಡೂ ದಡದಲ್ಲಿವೆ. ಮುಖ್ಯವಾದವು ಪಶ್ಚಿಮದ ಬೆಟ್ಟದಲ್ಲಿದ್ದು ಪೂರ್ವಕ್ಕೆ ಮುಖ ಮಾಡಿವೆ. ಬೆಳಿಗ್ಗೆ ಹೋದರೆ ಬಿಸಿಲು ಬುದ್ಧನ ಮುಖದ ಮೇಲಿರುತ್ತದೆ, ಮಧ್ಯಾಹ್ನದ ಮೇಲೆ ಬರೀ ನೆರಳು. 675ರ ವೈರೋಚನ ಬುದ್ಧ 17.14 ಮೀಟರ್ ಎತ್ತರ. ಅಲ್ಲೇ ಬೆರಳ ಗಾತ್ರದ ಬುದ್ಧರೂ ಸಾಲುಸಾಲಾಗಿದ್ದಾರೆ. ಬಾದಾಮಿಯದು ಮರಳುಗಲ್ಲು, ಇಲ್ಲಿಯದು ನುಣುಪು ಸುಣ್ಣಕಲ್ಲು, ಅಷ್ಟು ಚಿಕ್ಕ ಕೆತ್ತನೆಯನ್ನೂ ತಡೆದುಕೊಳ್ಳುತ್ತದೆ. ತಲೆಯಿಲ್ಲದ ಮೂರ್ತಿಗಳು ಬಹಳ. ಎಷ್ಟೋ ತಲೆಗಳನ್ನು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಕಡಿದು ಮಾರಿಕೊಂಡರು.

ಬೇಯ್‌ಜಿಂಗ್ ಅರಮನೆಗೆ ಸೋಮವಾರ ರಜೆ. ಬಾಗಿಲಲ್ಲಿ ಟಿಕೆಟ್ ಸಿಗುವುದಿಲ್ಲ, ಏಳು ದಿನ ಮುಂಚೆ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಕಾದಿರಿಸಬೇಕು. ದಕ್ಷಿಣದಿಂದ ಒಳಹೊಕ್ಕು ಉತ್ತರಕ್ಕೆ ಹೊರಬಂದರೆ ಎದುರಿಗೇ ಜಿಂಗ್‌ಶಾನ್ ಗುಡ್ಡ. ಅಲ್ಲಿ ಹತ್ತಿ ಹಿಂತಿರುಗಿ ನೋಡಿದರೆ ಇಡೀ ಅರಮನೆ ನಕ್ಷೆಯ ಹಾಗೆ ಬಿಚ್ಚಿಕೊಳ್ಳುತ್ತದೆ.

ಊಟದ ವಿಷಯ: ಸಸ್ಯಾಹಾರಿಗಳು "ಮಾಂಸ ಬೇಡ" ಎಂದರೆ ಸಾಲದು. ತುಂಡು ಬರುವುದಿಲ್ಲ, ಹಂದಿಯ ಕೊಬ್ಬೋ ಕೋಳಿಯ ಪುಡಿಯೋ ಬಂದೀತು. "ವೋ ಛ್ರ ಸು" (ನಾನು ಸಸ್ಯಾಹಾರಿ) ಎನ್ನಿ. ಶಿಯಾನ್‌ನಲ್ಲಿ ಲ್ಯಾಂಗ್‌ಪಿ ಎಂಬ ತಣ್ಣನೆಯ ಶಾವಿಗೆಗೆ ಖಾರದೆಣ್ಣೆ ಜಾಸ್ತಿ ಹಾಕಿಸಿಕೊಂಡರೆ ಬಡಪಾಯಿ ನಾಲಿಗೆಗೆ ಊರು ನೆನಪಾಗುತ್ತದೆ.

ಇನ್ನು, ಆ ದಾರ ಕತ್ತರಿಸಿದ್ದು ಯಾರೆಂದು ಮೊನ್ನೆ ಗುಂಪಿನಲ್ಲಿ ಮತ್ತೆ ಚರ್ಚೆಯಾಯಿತು. ಇಬ್ಬರು ನಿರಪರಾಧಿಗಳ ಹೆಸರು ಓಡಾಡುತ್ತಿದೆ. ಅವರನ್ನು ಬಿಟ್ಟುಬಿಡಿ. ಅವನ ಹೆಸರು ಈ ಲೇಖನದ ಕೆಳಗೇ ಅಚ್ಚಾಗಲಿದೆ.