ಕಾರ್ಟೂನು ಬರೆದ ಕೈಗೆ ಕೊಲೆಯ ಕಥೆ ಒಗ್ಗಿದ್ದು ಹೇಗೆ?

ಜಪಾನಿನ ತ್ಸುಜಿ ಮಸಕಿ ಅವರ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ: ‘ಆಸ್ಟ್ರೋ ಬಾಯ್’, ‘ಡೆವಿಲ್‌ಮ್ಯಾನ್’ ಎಂಬ ಟಿವಿ ಕಾರ್ಟೂನುಗಳಿಗೆ ಚಿತ್ರಕಥೆ ಬರೆದವರೇ ಪತ್ತೇದಾರಿ ಕಾದಂಬರಿಗೂ ದೊಡ್ಡ ಪ್ರಶಸ್ತಿ ಗೆದ್ದರಂತಲ್ಲ, ಎತ್ತಣಿಂದೆತ್ತ ಸಂಬಂಧ?

ಸಂಬಂಧ ಇರುವುದು ಕಸುಬಿನಲ್ಲಿ. 1932ರಲ್ಲಿ ನಗೋಯಾದಲ್ಲಿ ಹುಟ್ಟಿದ ತ್ಸುಜಿ 1954ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಸೇರಿದರು. ಆಗ ಟಿವಿ ನಾಟಕಗಳು ಬಹುಪಾಲು ನೇರ ಪ್ರಸಾರ. ಮುಂದಿನ ದೃಶ್ಯಕ್ಕೆ ನಟ ಅಂಗಿ ಬದಲಿಸಬೇಕೆಂದರೆ, ಅಷ್ಟು ಹೊತ್ತು ಬೇರೆ ಇಬ್ಬರನ್ನು ಮಾತಿಗೆ ಕೂರಿಸಬೇಕು. ಲೆಕ್ಕ ತಪ್ಪಿದರೆ ಊರಿಗೆಲ್ಲ ಕಾಣುತ್ತದೆ.

1963ರ ಜನವರಿಯಲ್ಲಿ ‘ಆಸ್ಟ್ರೋ ಬಾಯ್’ ವಾರಕ್ಕೊಂದರಂತೆ ಶುರುವಾಯಿತು. ಅರ್ಧ ಗಂಟೆಯ ಕಂತಿನಲ್ಲಿ ಹಾಡು, ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಇಪ್ಪತ್ತು ಚಿಲ್ಲರೆ ನಿಮಿಷ. ಅಲ್ಲಿನ ಬರಹಗಾರರು ಚಿತ್ರಕಥೆಯ ಉದ್ದವನ್ನು, ಚೌಕಕ್ಕೊಂದು ಅಕ್ಷರದಂತೆ, 200 ಚೌಕದ ಹಾಳೆಯಲ್ಲಿ ಅಳೆಯುತ್ತಾರೆ, ಅದಕ್ಕೆ ‘ಪೆರಾ’ ಎನ್ನುತ್ತಾರೆ. ಒಂದು ಕಂತಿಗೆ ಸುಮಾರು 60 ಪೆರಾ. ‘ಅವನಿಗೆ ಅನುಮಾನ ಬಂತು’ ಎಂದು ಬರೆದರೆ ಚಿತ್ರಗಾರ ಏನು ಬರೆದಾನು? ‘ಲೋಟ ಎತ್ತಿದ ಕೈ ಅರ್ಧಕ್ಕೇ ನಿಂತಿತು’ ಎಂದರೆ ಬರೆಯಬಹುದು. ‘ಸಂತೆಯ ಜನವೆಲ್ಲ ಓಡಿದರು’ ಎಂಬುದು ಕಾಗದದ ಮೇಲೆ ಒಂದೇ ಸಾಲು. ಆದರೆ ಸೆಕೆಂಡಿಗೆ 24 ಚೌಕಟ್ಟು. ಒಂದು ಚಿತ್ರವನ್ನು ಮೂರು ಚೌಕಟ್ಟಿಗೆ ಎಳೆದರೂ 8 ಚಿತ್ರ ಬೇಕು, ಪ್ರತಿ ಚಿತ್ರದಲ್ಲೂ ಅಷ್ಟೂ ಜನ. ಹೊತ್ತು ಸಾಲದಿದ್ದರೆ ಮೊದಲು ಕತ್ತರಿ ಬೀಳುವುದು ಆ ಸಂತೆಗೇ. ಕಥೆಯ ಸುಳಿವು ಅಲ್ಲಿದ್ದರೆ ಅದೂ ಹೋಯಿತು. ಹಾಗಾಗಿ ಸುಳಿವನ್ನು ಅಲುಗಾಡದ, ಅಗ್ಗದ ಚಿತ್ರದಲ್ಲಿ ಇಡಬೇಕು: ಎಲ್ಲರೂ ನೋಡಬೇಕು, ಯಾರೂ ಗಮನಿಸಬಾರದು. ಪತ್ತೇದಾರಿ ಕಥೆಯ ನಿಯಮವೂ ಇದೇ ತಾನೆ?

1972ರಲ್ಲಿ ಬಂದ ಅವರ ಶಾಲಾಮಕ್ಕಳ ಪತ್ತೇದಾರಿ ಕಾದಂಬರಿ, ಅಪರಾಧಿ ಓದುಗನೇ ಎಂದು ಆರಂಭದಲ್ಲೇ ಸಾರುತ್ತದೆ. ಹೇಳಿಯೂ ಮೋಸ ಮಾಡುವ ಧೈರ್ಯ ಅದು. 1982ರಲ್ಲಿ ಇನ್ನೊಂದು ಕಾದಂಬರಿಗೆ ಜಪಾನ್ ಪತ್ತೇದಾರಿ ಲೇಖಕರ ಸಂಘದ ಪ್ರಶಸ್ತಿ ಬಂತು. 2020ರಲ್ಲಿ, 88ರ ವಯಸ್ಸಿನಲ್ಲಿ, 1949ರ ನಗೋಯಾದ ಪ್ರೌಢಶಾಲೆಯನ್ನಿಟ್ಟುಕೊಂಡು ಬರೆದ ಕಾದಂಬರಿ ವರ್ಷದ ಅತ್ಯುತ್ತಮ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿತು.

ನನಗೆ ಹೆಚ್ಚು ಇಷ್ಟ 2009ರದ್ದು. ಅಪ್ಪಟ ಪತ್ತೇದಾರಿ ಕಥೆಗೆ ಕೊಡುವ ಹೊಂಕಕು ಮಿಸ್ಟರಿ ಪ್ರಶಸ್ತಿ ಆ ವರ್ಷ ಹೋದದ್ದು ‘ಮಕಿ ಸತ್ಸುಜಿ’ ಎಂಬ ಲೇಖಕರಿಗೆ. ಅಕ್ಷರ ಬಿಡಿಸಿ ನೋಡಿ: ಮ-ಕಿ-ಸ-ತ್ಸು-ಜಿ. ಇವನ್ನೇ ಹಿಂದುಮುಂದು ಮಾಡಿದರೆ ತ್ಸು-ಜಿ-ಮ-ಸ-ಕಿ. ‘ಮಕಿ ಸತ್ಸುಜಿ’ ಎಂಬುದು 1972ರ ಕಾದಂಬರಿಯಲ್ಲಿ ಪತ್ತೇದಾರಿ ಮಾಡುವ ಹುಡುಗನ ಹೆಸರೂ ಹೌದು.