ಕರಿಕಲ್ಲಲ್ಲಿ ಕೂತ ಕರಡಿ ತಾಯಿ

ಕೆನಡಾದ ವ್ಯಾಂಕೂವರಲ್ಲಿ ಅಕ್ಕನ ಮನೇಲಿದ್ದಾಗ ಒಂದಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ (ಯುಬಿಸಿ) ಕ್ಯಾಂಪಸ್ಸಲ್ಲಿರೋ ಮಾನವಶಾಸ್ತ್ರ ಮ್ಯೂಸಿಯಂಗೆ ಹೋಗಿದ್ವಿ. ಎಲ್ಲರೂ ಮೊದ್ಲು ನೋಡೋದು ಶಿಲ್ಪಿ ಬಿಲ್ ರೀಡ್ 1980ರಲ್ಲಿ ಮುಗಿಸಿದ ಮರದ ದೊಡ್ಡ ಕಾಗೆನ, ಅದರ ಕಾಲಡಿ ಚಿಪ್ಪೊಳಗಿಂದ ಹೈಡಾ ಜನರ (ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳು) ಮೊದಲ ಮನುಷ್ಯರು ಇಣುಕ್ತಿರ್ತಾರೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ಮಾತ್ರ ಗಾಜಿನ ಕಪಾಟಲ್ಲಿದ್ದ ಪುಟ್ಟ ಕರಿಕಲ್ಲಿನ ಕೆತ್ತನೆಗಳು.

ಆ ಕಲ್ಲಿನ ಹೆಸರು ಆರ್ಜಿಲೈಟ್. ಹೈಡಾ ಜನರ ನೆಲೆಯಾದ ಹೈಡಾ ಗ್ವಾಯ್ ದ್ವೀಪದ ಸ್ಕಿಡೆಗೇಟ್ ಊರಿನ ಹತ್ರ ಸ್ಲೇಟ್‌ಚಕ್ ಅಂತ ಬೆಟ್ಟ ಇದೆ, ಕಲ್ಲು ಬರೋದು ಅಲ್ಲಿಂದ, ಹೈಡಾ ಜನ ಬಿಟ್ರೆ ಬೇರೆಯವರು ತೆಗೆಯೋ ಹಾಗಿಲ್ಲ. ಮೆದು ಕಲ್ಲು, ಮರ ಕೆತ್ತೋ ಉಳಿನೇ ಸಾಕು. ಬಗ್ಗಿ ನೋಡಿದ್ರೆ ಒಂದು ಕಂಬದ ಮೇಲೆ ಕರಡಿ ಹಲ್ಲು ಒಂದೊಂದೂ ಬಿಡಿಬಿಡಿಯಾಗಿ ಕಾಣ್ತಿತ್ತು, ಮರಿಯ ಬೆರಳೆಲ್ಲ ತಾಯಿ ಮೈಗೆ ಒತ್ತಿಕೊಂಡಿದ್ದವು, ಪಾಲಿಶ್ ಮಾಡದ ಕಡೆ ಉಳಿ ಗೀರು ಹಾಗೇ ಉಳ್ಕೊಂಡಿತ್ತು.

ಅದು ಕರಡಿ ತಾಯಿ ಕಥೆ. ಹಣ್ಣು ಕೀಳೋಕೆ ಹೋದ ಹುಡುಗಿ ಕರಡಿ ಲದ್ದಿ ತುಳಿದು ಕರಡಿಗಳನ್ನ ಬಾಯಿಗೆ ಬಂದಂಗೆ ಬೈತಾಳೆ, ಅವು ಅವಳನ್ನ ಕರ್ಕೊಂಡು ಹೋಗ್ತವೆ, ಅಲ್ಲೇ ಮದುವೆ, ಎರಡು ಮರಿ, ಆಮೇಲೆ ಅಣ್ಣತಮ್ಮಂದಿರು ಹುಡುಕ್ಕೊಂಡು ಬಂದು ಅವಳ ಗಂಡನ್ನ ಕೊಲ್ತಾರೆ, ಅವನು ಸಾಯೋದು ಗೊತ್ತಿದ್ದೂ ತನ್ನ ಹಾಡು ಹೇಳಿಕೊಟ್ಟೇ ಸಾಯ್ತಾನೆ. ಅಕ್ಕಂಗೆ ಕಥೆ ಹೇಳ್ತಾ ಹೇಳ್ತಾ ನಂಗೇ ಗಂಟಲು ಕಟ್ತು.

"ಇದೆಲ್ಲ ಮಾರೋಕೆ ಮಾಡಿದ್ದಂತೆ ಕಣೋ" ಅಂದ್ಲು ಅಕ್ಕ. ನಿಜಾನೇ. 1820ರ ಆಸುಪಾಸಿಂದ ಹಡಗಲ್ಲಿ ಬಂದ ಬಿಳಿಯರಿಗೆ ಮಾರ್ತಿದ್ರು, ಆ ನಾವಿಕರನ್ನೇ ಹೊಗೆ ಸೇದೋ ಪೈಪಿನ ಮೇಲೆ ಕೆತ್ತಿದ್ದೂ ಇದೆ. ಆದ್ರೆ ಅದಕ್ಕೇ ಇದನ್ನ ಬರೀ ಸೋವೆನೀರ್ ಅನ್ನೋದು ನಂಗೆ ಒಪ್ಪಲ್ಲ. 1862ರ ಸಿಡುಬಿಗೆ ಊರೂರೇ ಖಾಲಿಯಾದ್ವು, 1885ರಿಂದ 1951ರವರೆಗೆ ಅವರ ಪಾಟ್ಲ್ಯಾಚ್ ಅನ್ನೋ ಔತಣದ ಆಚರಣೆನ ಸರ್ಕಾರ ಕಾನೂನು ಮಾಡಿ ನಿಲ್ಲಿಸಿತ್ತು, ಕುಣಿಯೋಕೆ ಮುಖವಾಡ ಹಾಕೋದೂ ಕಷ್ಟ ಆಗಿದ್ದ ಕಾಲದಲ್ಲಿ ಕಥೆ ಈ ಕಲ್ಲಲ್ಲಿ ಕೂತು ಉಳೀತು. ಈ ಕಲ್ಲು ಕೆತ್ತಿದ ಹೈಡಾದವರಲ್ಲಿ ಚಾರ್ಲ್ಸ್ ಎಡೆನ್‌ಶಾ ಅಂತ ದೊಡ್ಡ ಶಿಲ್ಪಿ, 1920ರಲ್ಲಿ ತೀರಿಕೊಂಡ್ರು, ಮುಖ್ಯಸ್ಥನ ಪದವಿ ಅವರಿಗೆ ಬಂದಿದ್ದು ಸೋದರಮಾವನಿಂದ. ತುಳುನಾಡಿನ ನಮಗೆ ಅಳಿಯಕಟ್ಟು ಬಿಡಿಸಿ ಹೇಳ್ಬೇಕಾ! ಹೈಡಾ ಜನರಲ್ಲಿ ಹೆಸರು, ಲಾಂಛನ ಎಲ್ಲ ತಾಯಿ ಕಡೆಯಿಂದಾನೇ ಬರೋದು.

ನಂಗೆ ಸಂಕಟ ಆಗೋದು ಹಳೇ ಕೆತ್ತನೆಗಳ ಪಕ್ಕ ಎಷ್ಟೋ ಕಡೆ ಕೆತ್ತಿದವರ ಹೆಸರೇ ಇಲ್ದಿರೋದು. ಕೊಂಡವರು ಕೇಳ್ಲೇ ಇಲ್ಲ. ಈಗ ಕಣ್ಣು, ರೆಕ್ಕೆ ಕೆತ್ತಿರೋ ರೀತಿ ನೋಡಿ ಇದು ಇಂಥವರ ಕೈ ಅಂತ ಗುರುತು ಹಿಡಿಯೋ ಕೆಲ್ಸ ನಡೀತಿದೆ, ಸ್ಕಿಡೆಗೇಟಲ್ಲಿ ಇವತ್ತಿಗೂ ಬೆಟ್ಟ ಹತ್ತಿ ಕಲ್ಲು ತಂದು ಕೆತ್ತೋರಿದಾರೆ, ಅವರ ಕೆಲಸ ತಗೊಳ್ಳೋರು ದಯವಿಟ್ಟು ಹೆಸರು ಕೇಳಿ ಬರೆದಿಟ್ಕೊಳ್ಳಿ.